ಐದು ರೆಫರೆನ್ಸ್, ಒಂದು ಬಟ್ಟಲು ಹೆಪ್ಪು

ಆ ವರ್ಷಗಳಲ್ಲಿ ಹೈದರಾಬಾದಿನ ಮಣಿಕೊಂಡದ ಜನ ಎದುರಾದರೆ ಕೇಳುತ್ತಿದ್ದುದು ಎರಡೇ ಮಾತು. ನೀರಿನ ಟ್ಯಾಂಕರ್ ಬಂತೇ, ನಿಮ್ಮ ಗುರುತಿನವರು ಯಾರಾದರೂ ರೆಫರೆನ್ಸ್ ಕೊಡುತ್ತಾರೆಯೇ. ಟ್ಯಾಂಕರ್ ದಿನ ಬಿಟ್ಟು ದಿನವಾದರೂ ಬರುತ್ತಿತ್ತು. ರೆಫರೆನ್ಸ್ ಹಾಗಲ್ಲ. ಸಾಫ್ಟ್‌ವೇರ್ ಕಂಪನಿಯ ಒಳಗಿದ್ದವರೊಬ್ಬರು ‘ಇವರು ನನಗೆ ಗೊತ್ತು, ಒಳ್ಳೆಯವರು, ಕೆಲಸ ಕೊಡಿ’ ಎಂದು ಮೇಲಿನವರಿಗೆ ಹೇಳಬೇಕಿತ್ತು. ಹಾಗೆ ಹೇಳಬಲ್ಲ ಒಬ್ಬರು ನಮ್ಮ ಪಕ್ಕದ ಫ್ಲ್ಯಾಟಿನಲ್ಲೇ ಇದ್ದರು. ಮೈಸೂರಿನವರು, ಗಚ್ಚಿಬೌಲಿಯಲ್ಲಿ ಇಂಜಿನಿಯರ್, ಇನ್ನೂ ಮದುವೆಯಾಗಿರಲಿಲ್ಲ. ಭಾನುವಾರ ಬಂದರೆ ಸಾಕು, ಅವರ ಬಾಗಿಲಲ್ಲಿ ಒಂದು ಕೈಯಲ್ಲಿ ಬಯೋಡಾಟಾ, ಇನ್ನೊಂದು ಕೈಯಲ್ಲಿ ಮಿಠಾಯಿ ಡಬ್ಬಿ ಹಿಡಿದವರು ನಿಂತಿರುತ್ತಿದ್ದರು. ಇಂಜಿನಿಯರಿಗೆ ಸಿಹಿ ಸೇರುತ್ತಿರಲಿಲ್ಲ. ಡಬ್ಬಿಗಳು ಹಾಗೆಯೇ ನಮ್ಮ ಮನೆಗೆ ಬರುತ್ತಿದ್ದವು. ಕೊಡುವವಳು ನಮ್ಮ ಮನೆದೇವಿ ಬನಶಂಕರಿ, ದಾರಿ ಯಾವುದಾದರೇನು ಎಂದು ನಾನು ಸುಮ್ಮನಿರುತ್ತಿದ್ದೆ.

ಅವರಿಂದ ನಮಗೆ ಇನ್ನೊಂದು ಉಪಕಾರವಿತ್ತು. ಹೈದರಾಬಾದಿನ ಚಳಿಗಾಲ ದೊಡ್ಡದೇನಲ್ಲ, ಆದರೆ ಹೆಪ್ಪು ಹಾಕಿದ ಹಾಲಿಗೆ ಅದು ಗೊತ್ತಾಗುತ್ತದೆ. ಬೆಳಗ್ಗೆ ಹೆಪ್ಪು ಹಾಕಿದರೆ ಮಧ್ಯಾಹ್ನ ಕಳೆದರೂ ಹಾಲು ಹಾಲಾಗಿಯೇ ಇರುತ್ತಿತ್ತು. ಒಂದು ದಿನ ಪ್ರಸಾದ ಕೊಡಲು ಹೋದವಳು ಅವರ ಕಂಪ್ಯೂಟರಿನ ಮಾನಿಟರ್ ಮೇಲೆ ಕೈಯಿಟ್ಟೆ. ಹಿಂದೆ ಹೊಟ್ಟೆ ಬಂದಿರುವ ಆ ಕಾಲದ ಮಾನಿಟರ್. ಬಾಣಂತಿ ಕೋಣೆಯಷ್ಟು ಬೆಚ್ಚಗಿತ್ತು. ಆಫೀಸಿಗೆ ಹೋಗುವಾಗಲೂ ಅವರು ಅದನ್ನು ಆರಿಸುತ್ತಿರಲಿಲ್ಲ. ಇಂಟರ್ನೆಟ್ಟಿನಿಂದ ಏನೋ ಇಳಿಯುತ್ತಿರುತ್ತದೆ, ಮಧ್ಯೆ ನಿಲ್ಲಿಸಬಾರದು ಎನ್ನುತ್ತಿದ್ದರು. ಅವರ ಮನೆಯ ಬೀಗದ ಕೈ ನಮ್ಮಲ್ಲೇ ಇರುತ್ತಿತ್ತು. ಮರುದಿನದಿಂದ ನಮ್ಮ ಮೊಸರಿನ ಪಾತ್ರೆ ಟವೆಲ್ ಹೊದ್ದುಕೊಂಡು ಮಾನಿಟರ್ ಮೇಲೆ ಕೂರತೊಡಗಿತು. ಐದು ತಾಸಿಗೆ ಚಾಕುವಿನಿಂದ ಕತ್ತರಿಸುವಂಥ ಮೊಸರು. ಅದರಲ್ಲಿ ಒಂದು ಬಟ್ಟಲು ಅವರಿಗೆ.

ನಮ್ಮ ಒಬ್ಬಳೇ ಮಗಳು ಆಗ ಮೆಹದೀಪಟ್ನಂ ಕಡೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಮೈಕ್ರೋಬಯಾಲಜಿ, ಅಂದರೆ ಕಣ್ಣಿಗೆ ಕಾಣದ ಜೀವಿಗಳ ಓದು. ದೇವರೂ ಕಾಣುವುದಿಲ್ಲವಲ್ಲ, ಅದನ್ನೂ ಓದಲಿ ಎಂದು ನಾನೇ ಸೇರಿಸಿದ್ದೆ. ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಇವಳು ನಮ್ಮ ಮೊಸರನ್ನೇ ಹಿಡಿದಳು. ಒಂದೇ ಹೆಪ್ಪು, ಒಂದೇ ಹಾಲು, ಮೂರು ಪಾತ್ರೆ. ಒಂದು ಅಡುಗೆಮನೆ ಕಟ್ಟೆಯ ಮೇಲೆ, ಒಂದು ಬಾಲ್ಕನಿಯಲ್ಲಿ, ಒಂದು ಪಕ್ಕದ ಮನೆಯ ಮಾನಿಟರ್ ಮೇಲೆ. ಯಾವುದು ಎಷ್ಟು ತಾಸಿಗೆ ಹೆಪ್ಪಾಯಿತು ಎಂದು ನವರಾತ್ರಿಯಿಂದ ಸಂಕ್ರಾಂತಿಯವರೆಗೆ ಬರೆದಿಟ್ಟಳು. ಅಷ್ಟು ದಿನವೂ ಮೂರು ಪಾತ್ರೆಯ ಮೊಸರು ತಿಂದವರು ನಾವಿಬ್ಬರು, ನಾನು ಮತ್ತು ನನ್ನ ಯಜಮಾನರು. ವಿಜ್ಞಾನಕ್ಕೆ ನಮ್ಮಿಂದಾದದ್ದು ಅದು.

ಪುಸ್ತಕವನ್ನು ಅಚ್ಚುಕಟ್ಟಾಗಿ ಬರೆದು ಕಾಲೇಜಿನಲ್ಲಿ ಕೊಟ್ಟು ಬಂದಳು. ಬಂದ ಮರುದಿನ ಜ್ವರ, ಮೂರನೆಯ ದಿನ ಮೈತುಂಬ ನೀರುಗುಳ್ಳೆ. ಮನೆಗೆ ಅಮ್ಮ ಬಂದಳು ಎಂದು ನಾನು ಅಂದೆ. ಚಿಕನ್‌ಪಾಕ್ಸ್ ಎಂದು ಡಾಕ್ಟರು ಅಂದರು. ಇಬ್ಬರ ಮಾತಿಗೂ ಬೆಲೆ ಕೊಟ್ಟು ಹಾಸಿಗೆಯ ಸುತ್ತ ಬೇವಿನ ಸೊಪ್ಪು ಕಟ್ಟಿ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿಸಿದೆ. ನನಗೂ ಯಜಮಾನರಿಗೂ ಚಿಕ್ಕಂದಿನಲ್ಲೇ ಬಂದು ಹೋಗಿದ್ದರಿಂದ ನಮಗೆ ಭಯವಿರಲಿಲ್ಲ. ಆದರೆ ಅಮ್ಮ ಇದ್ದ ಮನೆಗೆ ನೇಮಗಳಿವೆ. ಒಗ್ಗರಣೆ ಹಾಕುವಂತಿಲ್ಲ. ಮುಖ್ಯವಾಗಿ, ಅವಳು ಇಳಿದು ಹೋಗುವವರೆಗೆ ಆ ಮನೆಯಿಂದ ಯಾರಿಗೂ ಏನೂ ಕೊಡುವಂತಿಲ್ಲ, ಯಾರಿಂದಲೂ ಏನೂ ಕಡ ತರುವಂತಿಲ್ಲ. ಪಕ್ಕದವರಿಗೆ ಮೊಸರು ಕೂಡ ನಿಂತಿತು. ಪಾಪ, ಅವರು ಪ್ಯಾಕೆಟ್ ಮೊಸರು ತಿಂದರು.

ಶುಕ್ರವಾರ ಮಧ್ಯಾಹ್ನ ಮಗಳ ಗೆಳತಿಯ ಫೋನ್ ಬಂತು. ಎತ್ತಿದವಳು ನಾನು. ಗೆಳತಿ ತೆಲುಗಿನಲ್ಲಿ ಗಡಿಬಿಡಿಯಿಂದ ಹೇಳಿದ್ದಿಷ್ಟು: ಪ್ರಾಜೆಕ್ಟ್ ಪುಸ್ತಕದ ಕೊನೆಯ ಪುಟ ಖಾಲಿ ಇದೆ. ಐದು ರೆಫರೆನ್ಸ್ ಬೇಕು. ಇಂಟರ್ನೆಟ್ಟಿನವು ನಡೆಯುವುದಿಲ್ಲ, ಕಾಲೇಜು ಲೈಬ್ರರಿಯಿಂದಲೇ ತರಬೇಕು. ನಾಳೆ ನಾಲ್ಕು ಗಂಟೆಯೊಳಗೆ ಆಗದಿದ್ದರೆ ಲೆಕ್ಚರರ್ ಮೇಡಂ ಪ್ರಾಜೆಕ್ಟನ್ನೇ ತೆಗೆದುಕೊಳ್ಳುವುದಿಲ್ಲ, ವರ್ಷ ಹೋಗುತ್ತದೆ.

ಮಗಳಿಗೆ ಹೇಳಿದೆ. ಅವಳ ಗಂಟಲೊಳಗೂ ಗುಳ್ಳೆಗಳು ಎದ್ದು ದನಿಯೇ ಬಿದ್ದಿತ್ತು. ಕಣ್ಣಲ್ಲಿ ನೀರು ಬಂತು. ಆ ನೀರು ಕೆನ್ನೆಯ ಗುಳ್ಳೆಗಳ ಮೇಲೆ ಇಳಿದು ಉರಿಯಿತು, ಉರಿದದ್ದಕ್ಕೆ ಇನ್ನಷ್ಟು ನೀರು.

“ನಾ ಹೋಗಿ ತರ್ತೀನಿ, ಸುಮ್ನ ಮಲಗು,” ಎಂದೆ.

ಅವಳು ಪಿಸುದನಿಯಲ್ಲಿ, “ನಿನಗ ಗೊತ್ತಾಗಂಗಿಲ್ಲವ್ವಾ,” ಎಂದಳು.

“ಮಣಿಕೊಂಡದಾಗ ಇದ್ದು ರೆಫರೆನ್ಸ್ ಅಂದ್ರ ಗೊತ್ತಿಲ್ಲದವರು ಯಾರದಾರ?” ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದಳು. ಗಂಟಲು ಒಪ್ಪಲಿಲ್ಲ. ಗೋಡೆಯ ಕಡೆ ತಿರುಗಿದಳು.

ನನಗೆ ಎಲ್ಲ ಅರ್ಥವಾಗಿತ್ತು. ಇವಳು ಒಳ್ಳೆಯವಳು, ನಮಗೆ ಗೊತ್ತು ಎಂದು ಐದು ಜನ ದೊಡ್ಡವರು ಹೇಳಬೇಕು. ಇಂಟರ್ನೆಟ್ಟಿನಲ್ಲಿ ಅರ್ಜಿ ಹಾಕಿದರೆ ಯಾರೂ ನೋಡುವುದಿಲ್ಲ, ಮುಖ ನೋಡಿ ಕೇಳಬೇಕು ಎಂದು ನಮ್ಮ ಇಂಜಿನಿಯರೂ ಎಷ್ಟೋ ಸಲ ಹೇಳಿದ್ದರು. ಲೈಬ್ರರಿಯಲ್ಲಿ ಓದಿದವರು ಕೂತಿರುತ್ತಾರೆ, ಅಲ್ಲಿ ಕೇಳು ಎನ್ನುವುದೂ ಸರಿಯೇ. ಹಾಗಾದರೆ ಬಯೋಡಾಟಾ ಬೇಕು. ಮನೆಯಲ್ಲಿ ಅವಳದು ಒಂದೇ ಬಯೋಡಾಟಾ ಇತ್ತು. ನಾದಿನಿ ಸಂಬಂಧ ನೋಡಲು ಕೇಳಿದ್ದಳೆಂದು ಹಿಂದಿನ ಶ್ರಾವಣದಲ್ಲಿ ಮಾಡಿಸಿದ್ದು. ಓದು, ಮಾರ್ಕ್ಸು, ಹುಟ್ಟಿದ ದಿನ ಎಲ್ಲ ಅದರಲ್ಲೇ ಇತ್ತು. ಗೋತ್ರ, ನಕ್ಷತ್ರ, ಎತ್ತರ ಹೆಚ್ಚಿಗೆ ಇದ್ದವು. ಹೆಚ್ಚಿಗೆ ಇದ್ದರೆ ತೊಂದರೆಯೇನು ಎಂದುಕೊಂಡೆ.

ಶನಿವಾರ ಇವರು ಪಟಾನ್‌ಚೆರುವಿನ ಔಷಧ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದಿದ್ದರು. ಇವರನ್ನೇ ಕಳಿಸಬಹುದಿತ್ತು. ಆದರೆ ಇವರು ಬಸ್ಸಿನ ಕಂಡಕ್ಟರ್ ಹತ್ತಿರ ಟಿಕೆಟ್ ಕೇಳುವುದಕ್ಕೂ ನನ್ನ ಮುಖ ನೋಡುವವರು. ಮಗಳ ಹತ್ತಿರ ಇವರನ್ನು ಕೂರಿಸಿ, ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು ಹೊರಟೆ. ಹಾದಿಯಲ್ಲಿ ಬಯೋಡಾಟಾದ ಐದು ಜೆರಾಕ್ಸ್ ಮಾಡಿಸಿದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕೂತ ಮೇಲೆ ಒಂದು ಹೊಳೆಯಿತು. ಕಾಗದ ಕೊಡುವುದೂ ಕೊಡುವುದೇ ಅಲ್ಲವೇ? ಅಮ್ಮನ ನೇಮ ಮುರಿಯುತ್ತದಲ್ಲ. ಮಗಳ ವರ್ಷದ ಪ್ರಶ್ನೆ ತಾಯಿ, ನೀನೇ ಏನಾದರೂ ಮಾಡು ಎಂದು ಅವಳ ಮೇಲೆ ಹಾಕಿದೆ.

ಲೈಬ್ರರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಅಷ್ಟು ಪುಸ್ತಕಗಳಿರುವ ಜಾಗ ಸರಸ್ವತಿಯ ಗುಡಿಯಲ್ಲದೆ ಇನ್ನೇನು? ಒಳಗೆ ಕೌಂಟರಿನಲ್ಲಿ ಕನ್ನಡಕವನ್ನು ಸರಪಳಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸೊಬ್ಬರು ಕೂತಿದ್ದರು. ನನಗಿಂತ ಸ್ವಲ್ಪ ದೊಡ್ಡವರು. ಲೈಬ್ರರಿ ಅವರದೇ ಕೈಯಲ್ಲಿ ಎಂದು ಕೂತ ರೀತಿಯಲ್ಲೇ ಗೊತ್ತಾಗುತ್ತಿತ್ತು. ತಲೆ ಎತ್ತದೆ, “ಇಷ್ಯೂನಾ, ರಿಟರ್ನಾ?” ಎಂದು ತೆಲುಗಿನಲ್ಲಿ ಕೇಳಿದರು. ಆಸ್ಪತ್ರೆಯಲ್ಲಿ ಎಷ್ಟು ಇಷ್ಯೂ ಎಂದರೆ ಎಷ್ಟು ಮಕ್ಕಳು ಎಂದು ಅರ್ಥ. ಇವರೂ ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡು, ಒಬ್ಬಳೇ ಮಗಳು ಎಂದು ನನಗೆ ಬಂದ ತೆಲುಗಿನಲ್ಲಿ ಹೇಳಿದೆ. ಆಗ ಅವರು ತಲೆ ಎತ್ತಿದರು. ರೆಫರೆನ್ಸ್ ಬೇಕಿತ್ತು ಎಂದೆ. ಮೂಲೆಯ ಕಡೆ ಬೆರಳು ಮಾಡಿದರು. ಅಲ್ಲಿ ‘ರೆಫರೆನ್ಸ್ ಸೆಕ್ಷನ್’ ಎಂದು ದೊಡ್ಡ ಬೋರ್ಡೇ ಇತ್ತು. ಎಂಥ ಕಾಲೇಜು, ರೆಫರೆನ್ಸ್ ಕೊಡುವುದಕ್ಕೇ ಬೇರೆ ವಿಭಾಗ ಇಟ್ಟಿದ್ದಾರೆ ಎಂದು ಮನಸ್ಸು ತುಂಬಿ ಬಂತು.

ಒಳಗೆ ಕಪಾಟುಗಳು, ಉದ್ದದ ಮೇಜು. ಯಾರಾದರೂ ಕರೆಯುತ್ತಾರೆಂದು ಅರ್ಧ ತಾಸು ಕೂತೆ. ಯಾರೂ ಕರೆಯಲಿಲ್ಲ. ಎದುರಿಗೆ ಟೈ ಕಟ್ಟಿದ ಒಬ್ಬ ಗಂಭೀರ ಗೃಹಸ್ಥರು ದಪ್ಪ ಪುಸ್ತಕ ಓದುತ್ತಿದ್ದರು. ಪಾಠ ಹೇಳುವವರೇ ಇರಬೇಕು. ಕೈಮುಗಿದು ಒಂದು ಬಯೋಡಾಟಾ ಮುಂದಿಟ್ಟು, ನಮ್ಮ ಮಗಳ ಬಗ್ಗೆ ಸ್ವಲ್ಪ ಒಳ್ಳೆಯ ಮಾತು ಹೇಳಬೇಕು ಎಂದು ಕೇಳಿಕೊಂಡೆ. ಅವರು ಓದಿದರು. ನಕ್ಷತ್ರದ ತನಕ ಬಂದು ನಿಂತರು. ಬಹಳ ಮರ್ಯಾದೆಯಿಂದ, ಅಮ್ಮಾ, ನಮ್ಮ ಮಗ ಇನ್ನೂ ಆರನೆಯ ಕ್ಲಾಸು ಎಂದು ಕಾಗದ ನನ್ನ ಕಡೆ ಸರಿಸಿ, ಪುಸ್ತಕ ಎತ್ತಿಕೊಂಡು ಇನ್ನೊಂದು ಮೇಜಿಗೆ ಹೋದರು.

ಮಗ ಎಷ್ಟನೆಯ ಕ್ಲಾಸಾದರೆ ನನಗೇನು? ಬೇಸರದಿಂದ ಲೈಬ್ರರಿಯವರ ಹತ್ತಿರ ಹೋಗಿ, ಈ ವಿಭಾಗದಲ್ಲಿ ರೆಫರೆನ್ಸ್ ಕೊಡುವವರು ಎಷ್ಟು ಗಂಟೆಗೆ ಬರುತ್ತಾರೆ ಎಂದು ಕೇಳಿ ಐದೂ ಪ್ರತಿ ಅವರ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. ಮೇಲ್ಗಡೆ ಕನ್ನಡದಲ್ಲಿ ‘ಶ್ರೀ ಬನಶಂಕರಿ ಪ್ರಸನ್ನ’ ಎಂದಿತ್ತು.

“ಕನ್ನಡದವರೇನ್ರಿ? ಮೊದಲs ಹೇಳಬಾರದೇನ್ರಿ. ನಾ ಬೀದರ್ ಕಡೆಯಾಕಿ,” ಎಂದರು. ಆಮೇಲೆ ದನಿ ತಗ್ಗಿಸಿ, “ಲೈಬ್ರರ್‍ಯಾಗ ವರ ನೋಡಾಕ ಬಂದೀರೇನ್ರಿ ಅಕ್ಕಾರ?”

ನಾನು ಫೋನ್ ಬಂದಲ್ಲಿಂದ ಎಲ್ಲ ಹೇಳಿದೆ. ಮನೆಯಲ್ಲಿ ಅಮ್ಮ ಇರುವುದನ್ನೂ ಮುಚ್ಚಿಡಲಿಲ್ಲ. ಅವರಿಗೂ ಚಿಕ್ಕಂದಿನಲ್ಲೇ ಬಂದಿತ್ತಂತೆ. ಕೇಳುತ್ತ ಕೇಳುತ್ತ ಅವರು ಕನ್ನಡಕ ತೆಗೆದು ಸೆರಗು ಬಾಯಿಗೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆಂದು ನಾನು ಗಾಬರಿಯಾದೆ. ಅಳು ಅಲ್ಲ, ನಗು. ಲೈಬ್ರರಿಯಲ್ಲಿ ಸದ್ದು ಮಾಡಬಾರದೆಂದು ಇಪ್ಪತ್ತು ವರ್ಷ ಬೇರೆಯವರಿಗೆ ಹೇಳಿದವರು, ತಾವೇ ನಗು ತಡೆಯಲಾರದೆ ಒದ್ದಾಡುತ್ತಿದ್ದರು.

ಆಮೇಲೆ ತಿಳಿಸಿ ಹೇಳಿದರು. ರೆಫರೆನ್ಸ್ ಎಂದರೆ ಈ ಮಾತನ್ನು ನನಗಿಂತ ಮೊದಲು ಇಂಥವರು, ಇಂಥ ಪುಸ್ತಕದಲ್ಲಿ, ಇಂಥ ಪುಟದಲ್ಲಿ ಹೇಳಿದ್ದಾರೆ ಎಂದು ತೋರಿಸುವುದು. ಮೊಸರಿನ ಬಗ್ಗೆ ಅಂಥ ಐದು ಬರಹ ಹುಡುಕಿ, ವಿವರ ಬರೆದುಕೊಂಡರೆ ಆಯಿತು. ಮನುಷ್ಯರ ಶಿಫಾರಸು ಅಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೆ ಐದೂ ಬಯೋಡಾಟಾ ಕೈಗೆ ವಾಪಸ್ ಬಂದಿದ್ದವು. ಅಮ್ಮನ ನೇಮ ಉಳಿಯಿತು. ನಾಚಿಕೆಯ ನಡುವೆಯೇ ಅದೊಂದು ಸಮಾಧಾನ.

ಇನ್ನೊಂದು ಭಯ ಇತ್ತು. ಪುಸ್ತಕ ಮನೆಗೆ ಒಯ್ಯಬೇಕಾದರೆ? ಕಡ ತರುವಂತಿಲ್ಲವಲ್ಲ. ಕೇಳಿದೆ. “ರೆಫರೆನ್ಸ್ ಪುಸ್ತಕ ಹೊರಗ ಕೊಡಂಗೇ ಇಲ್ರಿ. ಇಲ್ಲೇ ಕುಂತು ಬರಕೋಬೇಕು,” ಎಂದರು. ಕಾಲೇಜಿನ ನಿಯಮ ಬರೆದವರಿಗೂ ಎಂದೋ ಮನೆಗೆ ಅಮ್ಮ ಬಂದಿರಬೇಕು ಎಂದುಕೊಂಡೆ.

ಹುಡುಕುವುದಕ್ಕೆ ಚಿಕ್ಕ ಚಿಕ್ಕ ಡ್ರಾಯರುಗಳ ಒಂದು ಕಪಾಟಿತ್ತು. ಒಂದೊಂದರಲ್ಲೂ ಅಕ್ಷರದ ಕ್ರಮದಲ್ಲಿ ಜೋಡಿಸಿದ ಕಾರ್ಡುಗಳು. ಕಾರ್ಡಿನ ಮೇಲೆ ಪುಸ್ತಕದ ಹೆಸರು, ಅದು ಯಾವ ಕಪಾಟಿನಲ್ಲಿದೆ ಎನ್ನುವ ಅಂಕಿ. ನಾನು ಕಲಿತದ್ದು ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಆದರೂ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತಿತ್ತು. ‘ಕರ್ಡ್’ ಎಂದು ಹುಡುಕಿದೆ. ಒಂದೂ ಇಲ್ಲ. ಇಷ್ಟು ದೊಡ್ಡ ಲೈಬ್ರರಿಯಲ್ಲಿ ಮೊಸರೇ ಇಲ್ಲವೇ ಎಂದು ಡ್ರಾಯರನ್ನು ಮೊದಲಿನಿಂದ ಇನ್ನೊಮ್ಮೆ ನೋಡಿದೆ. ಲೈಬ್ರರಿಯವರು ಬಂದು, ಪುಸ್ತಕ ಬರೆದವರು ಅದನ್ನು ಹಾಗೆ ಕರೆಯುವುದಿಲ್ಲ, ‘ಯೋಗರ್ಟ್’ ಎಂದು ನೋಡಿ, ಇಲ್ಲದಿದ್ದರೆ ‘ಫರ್ಮೆಂಟೆಡ್ ಮಿಲ್ಕ್’ ಎಂದು ನೋಡಿ ಎಂದರು. ನೋಡಿದರೆ ಕಾರ್ಡಿನ ಮೇಲೆ ಕಾರ್ಡು. ನಮ್ಮ ದೇವಿಗೂ ಊರಿಗೊಂದು ಹೆಸರು. ಅಲ್ಲಿಯ ಹೆಸರು ಹಿಡಿದು ಕರೆದರೆ ಓಗೊಡುತ್ತಾಳೆ. ಮೊಸರೂ ಹಾಗೆಯೇ.

ಕಾರ್ಡು ತೋರಿಸಿದ ಕಪಾಟಿನಲ್ಲಿ ವಿಜ್ಞಾನದ ಪತ್ರಿಕೆಗಳನ್ನು ವರ್ಷದ ಪ್ರಕಾರ ಕಟ್ಟಿ ಇಟ್ಟಿದ್ದರು. ಪ್ರತಿಯೊಂದನ್ನೂ ಕಣ್ಣಿಗೊತ್ತಿಕೊಂಡು ತೆರೆದೆ. ಒಂದು ಬರಹದ ಕೊನೆಯಲ್ಲಿ ನಲವತ್ತು ಹೆಸರು ಸಾಲಾಗಿದ್ದವು. ಒಬ್ಬ ಮನುಷ್ಯನಿಗೆ ನಲವತ್ತು ರೆಫರೆನ್ಸ್, ಅಚ್ಚಾಗದೆ ಇನ್ನೇನಾಗುತ್ತದೆ ಎಂದೆ. ಲೈಬ್ರರಿಯವರು, ಅದೇ ನೋಡಿ ಗುಟ್ಟು, ಒಂದು ಸಿಕ್ಕರೆ ಅದರ ಬಾಲ ಹಿಡಿದು ಇನ್ನೊಂದಕ್ಕೆ ಹೋಗಬಹುದು ಎಂದರು. ಮಗಳ ಪ್ರಾಜೆಕ್ಟಿಗೆ ಹೊಂದುತ್ತದೋ ಇಲ್ಲವೋ ಎಂದು ಪ್ರತಿಯೊಂದನ್ನೂ ಅವರು ಓದಿ ನೋಡಿ ತಲೆಯಾಡಿಸಿದ ಮೇಲೆಯೇ ನಾನು ಬರೆದುಕೊಂಡೆ. ಬರೆದವರ ಹೆಸರು, ವರ್ಷ, ತಲೆಬರಹ, ಪುಟ. ಎಲ್ಲ ದೊಡ್ಡಕ್ಷರದಲ್ಲಿ, ದೇವರ ನಾಮ ಬರೆಯುವ ಹಾಗೆ ನಿಧಾನವಾಗಿ.

ಬರೆಯುವಾಗ ಒಂದು ಗಮನಿಸಿದೆ. ‘ಎಟ್ ಆಲ್’ ಎಂಬೊಬ್ಬರು ಎಲ್ಲರ ಜೊತೆಗೂ ಕೆಲಸ ಮಾಡಿದ್ದರು. ಯಾವ ದೇಶದ ಬರಹವಾದರೂ ಅವರಿದ್ದರು, ಯಾವ ವರ್ಷವಾದರೂ ಇದ್ದರು, ಮೊದಲನೆಯ ಹೆಸರು ಮಾತ್ರ ಆಗಲಿಲ್ಲ. ಮದುವೆಯ ಎಲ್ಲ ಫೋಟೋಗಳಲ್ಲೂ ಹಿಂದಿನ ಸಾಲಿನಲ್ಲಿ ನಿಂತಿರುವ ಸೋದರಮಾವನ ಹಾಗೆ. ಪಾಪ, ಈ ಎಟ್ ಆಲ್ ಅವರು ಭಾಳ ದುಡಿದಾರ್ರಿ ಎಂದೆ. ಲೈಬ್ರರಿಯವರು ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕಪಾಟಿನ ಹಿಂದೆ ಹೋದರು. ‘ಮತ್ತು ಇತರರು’ ಎಂಬುದಕ್ಕೆ ಹಾಗೆ ಬರೆಯುತ್ತಾರೆಂದು ತಿರುಗಿ ಬಂದ ಮೇಲೆ ಹೇಳಿದರು. ಆದರೂ ನನಗೆ ಆ ಇತರರ ಮೇಲೆ ಅಂದಿನಿಂದ ಗೌರವ.

ಮೂರೂವರೆಗೆ ನಾಲ್ಕು ರೆಫರೆನ್ಸ್ ಆದವು. ಐದನೆಯದರ ಕಾರ್ಡು ಸಿಕ್ಕಿತು, ಕಪಾಟೂ ಸಿಕ್ಕಿತು, ಅಲ್ಲಿ ಪುಸ್ತಕದ ಬದಲು ಒಂದು ಚೀಟಿ ಇತ್ತು. ಬೈಂಡಿಂಗಿಗೆ ಹೋಗಿದೆ. ಇನ್ನೊಂದು ಹುಡುಕಿ, ಓದಿ, ಬರೆಯುವಷ್ಟು ಹೊತ್ತಿಲ್ಲ. ನಾನು ಕೂತಲ್ಲೇ ಕೈಮುಗಿದೆ. ಲೈಬ್ರರಿಯವರು ಗಡಿಯಾರ ನೋಡಿದರು, ನನ್ನನ್ನು ನೋಡಿದರು. ತಿಳಿದವರು ಬಾಯಲ್ಲಿ ಹೇಳಿದ್ದನ್ನೂ ರೆಫರೆನ್ಸ್ ಎಂದು ಬರೆಯುವ ಪದ್ಧತಿಯೂ ಉಂಟು, ಆದರೆ ಹೇಳಿದವರಿಗೆ ನಿಜವಾಗಿ ಗೊತ್ತಿರಬೇಕು, ಲೆಕ್ಚರರ್ ಒಪ್ಪಬೇಕು ಎಂದರು.

“ಅಂದ್ರ ಮನುಷ್ಯಾರೂ ನಡೀತಾರೇನ್ರಿ?”

“ನಡೀತಾರ್ರಿ. ಮಗಳಿಗೆ ಹೆಪ್ಪು ಹಾಕೂದು ಕಲಿಸಿದವರು ಯಾರು?”

ಇಬ್ಬರೂ ಮೆಟ್ಟಿಲು ಹತ್ತಿದೆವು. ಲೆಕ್ಚರರ್ ಮೇಡಂ ಕೈಗಡಿಯಾರ ನೋಡುತ್ತಲೇ ಕೂತಿದ್ದರು. ವಯಸ್ಸು ಚಿಕ್ಕದು, ಮುಖ ಕಟ್ಟುನಿಟ್ಟು. ತೆಲುಗಿನವರು. ನಾನು ಕನ್ನಡದಲ್ಲಿ ಎರಡು ಮಾತು ಹೇಳಿದರೆ ಲೈಬ್ರರಿಯವರು ಅದನ್ನು ಇಂಗ್ಲಿಷಿನಲ್ಲಿ ಹತ್ತು ಮಾಡುತ್ತಿದ್ದರು. ನಾಲ್ಕು ಸರಿ ಇವೆ ಎಂದರು ಮೇಡಂ. ಐದನೆಯದು ನಾನೇ ಎಂದಾಗ ಒಪ್ಪದೆ ತಲೆ ಅಲ್ಲಾಡಿಸಿದರು. ಆಮೇಲೆ ಮಗಳ ಪುಸ್ತಕ ತೆರೆದು, ಕೆಂಪು ಗೆರೆ ಹಾಕಿದ ಒಂದು ಪುಟ ನನ್ನ ಮುಂದಿಟ್ಟರು. ಪಕ್ಕದ ಮನೆಯ ಮಾನಿಟರ್ ಮೇಲಿನ ಮೊಸರು ಎಲ್ಲ ದಿನವೂ ಐದು ತಾಸಿಗೆ ಆಗಿದೆ. ನವರಾತ್ರಿಯ ಕೊನೆಯಲ್ಲಿ ಎರಡು ದಿನ ಮಾತ್ರ ಎಂಟು ತಾಸು, ಅಡುಗೆಮನೆಯ ಪಾತ್ರೆಯಷ್ಟೇ. ಮಗಳು ಅದರ ಮುಂದೆ ‘ಕಾರಣ ತಿಳಿದಿಲ್ಲ’ ಎಂದು ಬರೆದಿದ್ದಳು. ತಿಳಿದವರಾದರೆ ಇದಕ್ಕೆ ಕಾರಣ ಹೇಳಲಿ ಎಂದರು ಮೇಡಂ.

ನಾನು ತಾರೀಕು ನೋಡಿದೆ. ನಗು ಬಂತು, ತಡೆದುಕೊಂಡೆ.

“ಅವತ್ತು ಆಯುಧಪೂಜಿ ಇತ್ರಿ,” ಎಂದೆ. “ಪೂಜಿ ಆದ ಯಂತ್ರ ಚಾಲೂ ಮಾಡಬಾರದಲ್ರಿ. ನಾನs ಆ ಕಂಪ್ಯೂಟರಿಗೆ ವಿಭೂತಿ ಕುಂಕುಮ ಹಚ್ಚಿ, ಹೂವು ಏರಿಸಿ, ದಶಮಿ ಮುಗಿಯೂ ತನಕ ಬಂದ್ ಮಾಡಿಸಿದ್ದೆ. ಅದು ತಣ್ಣಗ ಕುಂತಿತ್ತು. ಮೊಸರರ ಹೆಂಗ ಆಗಬೇಕು?”

ಇಂಜಿನಿಯರು ಆವತ್ತು ಏನೋ ಇಳಿಯುತ್ತಿದೆ ಆಂಟಿ, ಬೇಡಿ ಎಂದು ಬೇಡಿಕೊಂಡಿದ್ದರು. ದೇವಿಗಿಂತ ದೊಡ್ಡದು ಏನು ಇಳಿಯುತ್ತದೆ ಎಂದು ನಾನು ಸ್ವಿಚ್ಚು ಆರಿಸಿದ್ದೆ. ಮಗಳು ಆ ಎರಡು ದಿನ ಹೊತ್ತು ಬರೆದುಕೊಳ್ಳಲು ಪಾತ್ರೆಯ ಮುಚ್ಚಳ ಮಾತ್ರ ಎತ್ತಿ ನೋಡಿದ್ದಳು, ಕೆಳಗಿನ ಹೂವು ನೋಡಿರಲಿಲ್ಲ.

ಲೈಬ್ರರಿಯವರು ಇದನ್ನು ಇಂಗ್ಲಿಷಿಗೆ ತಿರುಗಿಸುವ ಅಗತ್ಯವೇ ಬೀಳಲಿಲ್ಲ. ಆಯುಧಪೂಜೆ ಎಂಬ ಒಂದು ಮಾತು ಸಾಕಾಯಿತು. ಮೇಡಂ ಎದ್ದು ಹಿಂದಿನ ಕಪಾಟಿನಿಂದ ತಮ್ಮ ಮೈಕ್ರೋಸ್ಕೋಪ್ ತೆಗೆದು ತೋರಿಸಿದರು. ಅದರ ಕೊರಳ ಸಂದಿನಲ್ಲಿ ಒಣಗಿದ ಕುಂಕುಮ ಇನ್ನೂ ಉಳಿದಿತ್ತು. ಕೂತು, ‘ಕಾರಣ ತಿಳಿದಿಲ್ಲ’ ಎಂಬುದನ್ನು ಹೊಡೆದು ಹಾಕಿ, ಪಕ್ಕದಲ್ಲಿ ಕಾರಣ ಬರೆದರು. ನಾಲ್ಕನ್ನು ನಾನು ಕೊನೆಯ ಪುಟಕ್ಕೆ ಇಳಿಸಿದೆ. ಐದನೆಯ ಸಾಲಿನಲ್ಲಿ ನನ್ನ ಹೆಸರು ಕೇಳಿ ಅವರೇ ಬರೆದು, ವರ್ಷ ಹಾಕಿ, ಪುಟದ ಜಾಗದಲ್ಲಿ ‘ನೇರ ಮಾತುಕತೆ’ ಎಂಬ ಅರ್ಥದ ಎರಡು ಇಂಗ್ಲಿಷ್ ಶಬ್ದ ಸೇರಿಸಿದರು. ನಾಲ್ಕಕ್ಕೆ ಎರಡು ನಿಮಿಷ ಇತ್ತು.

ಹೊರಡುವಾಗ ಲೈಬ್ರರಿಯವರು ಮೆಲ್ಲಗೆ, ಹುಡುಗಿಯ ಎತ್ತರ ಚೆನ್ನಾಗಿದೆ, ನಮ್ಮ ಅಕ್ಕನ ಮಗ ಒಬ್ಬನಿದ್ದಾನೆ, ಒಂದು ಪ್ರತಿ ಇಟ್ಟು ಹೋಗಿ ಎಂದರು. ಅಮ್ಮ ಇಳಿಯುವವರೆಗೆ ಏನೂ ಕೊಡುವಂತಿಲ್ಲ ಎಂದೆ. ಹಾಗಾದರೆ ಇಳಿದ ಮೇಲೆ ಒಂದು ಬಟ್ಟಲು ಹೆಪ್ಪು ಕೂಡ ತನ್ನಿ, ನಮ್ಮದು ನೀರು ಬಿಡುತ್ತದೆ ಎಂದರು. ಬಾಗಿಲಿಗೆ ಬಂದು ನೋಡಿದರೆ ನನ್ನ ಚಪ್ಪಲಿಯ ಪಕ್ಕ ಏಳೆಂಟು ಜೊತೆ ಚಪ್ಪಲಿ, ಬೂಟು ಸಾಲಾಗಿದ್ದವು. ಹೊಸ ನಿಯಮ ಬಂದಿದೆ ಎಂದುಕೊಂಡು ಎಲ್ಲರೂ ಬಿಟ್ಟು ಒಳಗೆ ಹೋಗಿದ್ದರು.

ಮನೆಗೆ ಬಂದು, ಸ್ನಾನ ಮಾಡಿ, ಮಗಳ ಮುಂದೆ ತಟ್ಟೆ ಇಟ್ಟೆ. ಒಗ್ಗರಣೆ ಇಲ್ಲದ ಬೇಳೆ, ಅನ್ನ. ಬಯೋಡಾಟಾದ ಕತೆ ಹೇಳಿದಾಗ ಮೊದಲು ತಲೆಯ ಮೇಲೆ ಹೊದಿಕೆ ಎಳೆದುಕೊಂಡಳು, ಆಮೇಲೆ ಹೊದಿಕೆಯ ಒಳಗಿಂದಲೇ ನಕ್ಕಳು. ಗುಳ್ಳೆ ಎಳೆದು ನೋವಾದರೂ ನಕ್ಕಳು. ಕೊನೆಯ ಪುಟದಲ್ಲಿ ಏನೇನು ಬರೆದಿದೆ ಎಂದು ಒಂದೊಂದಾಗಿ ಕೇಳಿದಳು. ಐದನೆಯದನ್ನು ಹೇಳಿದಾಗ ಹೊದಿಕೆ ಸರಿಸಿ ನನ್ನ ಮುಖ ನೋಡಿದಳು.

“ಅಕ್ಷರದ ಪ್ರಕಾರ ಬರೀಬೇಕವ್ವಾ,” ಎಂದು ಪಿಸುಗುಟ್ಟಿದಳು. “ನಿನ್ನ ಹೆಸರು ಮೊದಲ ಬರಬೇಕಿತ್ತು.”

“ಇರಲಿ ಬಿಡು,” ಎಂದು ತಟ್ಟೆಗೆ ಮೊಸರು ಹಾಕಿದೆ. “ಊಟದಾಗ ಇದೂ ಕಡೀಕೇ ಬರ್ತೈತಿ.”